ಒಂಬತ್ತು ಸೆಕೆಂಡಿನ ಪೂರ್ವಪಕ್ಷ

ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ಆ ಮನೆಯ ಬೇಸ್‌ಮೆಂಟಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ಗಮಕ ನಡೆಯುತ್ತಿತ್ತು. ಅಲಮೇಲು ಪದ್ಯ ವಾಚಿಸುತ್ತಿದ್ದರು, ಅವರ ಯಜಮಾನರು ಸೂರ್ಯನಾರಾಯಣ ವ್ಯಾಖ್ಯಾನ ಹೇಳುತ್ತಿದ್ದರು. ವಾಟರ್ ಹೀಟರಿನ ಪಕ್ಕ ಒಂದು ಜಮಖಾನ, ಮಂಡಿನೋವಿನವರಿಗೆ ಗೋಡೆಯುದ್ದಕ್ಕೂ ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿ ಫ್ಲಾಸ್ಕು. ಬರುತ್ತಿದ್ದವರು ಹದಿನೈದೋ ಇಪ್ಪತ್ತೋ ಜನ. ಔಷಧಿ ಕಂಪನಿಯಲ್ಲಿ ಮೂವತ್ತು ವರ್ಷ ಕೆಮಿಸ್ಟಾಗಿದ್ದು ನಿವೃತ್ತರಾದ ಸೂರ್ಯನಾರಾಯಣರಿಗೆ ಆ ಎರಡು ಗಂಟೆಯೇ ಇಡೀ ತಿಂಗಳಿಗೆ ಆಧಾರ.

ಅವರ ವ್ಯಾಖ್ಯಾನಕ್ಕೆ ಒಂದು ಕ್ರಮವಿತ್ತು. ನಂಜನಗೂಡಿನಲ್ಲಿ ಅವರಿಗೆ ಈ ವಿದ್ಯೆ ಕಲಿಸಿದ ಸೋದರಮಾವ ಹಾಕಿಕೊಟ್ಟ ಕ್ರಮ. ಕಾವ್ಯದಲ್ಲಿ ಅನ್ಯಾಯ ಮಾಡುವ ಅರಸನ ಮಾತು ಬಂದರೆ ಅವನನ್ನು ಹೀಯಾಳಿಸಿ ಮುಂದೆ ಹೋಗುವ ಹಾಗಿಲ್ಲ. ಅವನ ವಾದವನ್ನು ಅವನಿಗಿಂತ ಚೆನ್ನಾಗಿ, ಅವನೇ ಮೈಮೇಲೆ ಬಂದ ಹಾಗೆ, ಒಂದೂ ಬಿಡದೆ ಹೇಳಬೇಕು. ಕೂತವರು ‘ಅರೆ, ಇವನು ಹೇಳೋದೂ ಸರಿಯಲ್ಲವೇ’ ಎಂದು ತಲೆದೂಗಬೇಕು. ಅದು ಪೂರ್ವಪಕ್ಷ. ಆಮೇಲೆ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದು, ಅದೇ ವಾದವನ್ನು ಎಳೆ ಎಳೆಯಾಗಿ ಬಿಚ್ಚಿ ಉತ್ತರ ಕೊಡಬೇಕು. “ಎದುರಿನವನ ಬಾಯಿ ಮುಚ್ಚಿಸಿ ಗೆದ್ದರೆ ಅದೇನು ಗೆಲುವೋ, ದನ ಕಾಯೋನೂ ಗೆಲ್ತಾನೆ” ಎನ್ನುತ್ತಿದ್ದರು ಮಾವ.

ಮೊಮ್ಮಗಳು ಹಂಸಿನಿಗೆ ಆರು ವರ್ಷವಿದ್ದಾಗ, ಕೆಟ್ಟ ಅರಸನ ಮಾತು ಉದ್ದವಾದಷ್ಟೂ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಅಜ್ಜಿಯ ಮಡಿಲಲ್ಲಿ ಚಡಪಡಿಸಿ ಚಡಪಡಿಸಿ ಕೊನೆಗೆ “ತಾತಾ, ನೀರು!” ಎಂದು ಕೂಗಿಬಿಡುತ್ತಿದ್ದಳು. ತಾತ ನೀರು ಕುಡಿದರೆ ಒಳ್ಳೆಯವರ ಕಡೆ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಸಭೆಯೆಲ್ಲ ನಗುತ್ತಿತ್ತು. ಸೂರ್ಯನಾರಾಯಣರು ಬೇಕೆಂದೇ ಲೋಟದ ಹತ್ತಿರ ಕೈ ಒಯ್ದು, ಮತ್ತೆ ಹಿಂದಕ್ಕೆ ತೆಗೆದುಕೊಂಡು ಅವಳನ್ನು ಇನ್ನಷ್ಟು ಗೋಳುಹೊಯ್ದುಕೊಳ್ಳುತ್ತಿದ್ದರು.

ಆ ಹಂಸಿನಿಗೆ ಈಗ ಇಪ್ಪತ್ತು. ಮನೆಯಿಂದ ಅರ್ಧ ಗಂಟೆಯ ಕಾಲೇಜಿನಲ್ಲಿ ನರ್ಸಿಂಗ್ ಮೂರನೆಯ ವರ್ಷ. ಏಪ್ರಿಲ್ ತಿಂಗಳ ಒಂದು ಭಾನುವಾರ ಮನೆಗೆ ಬಂದವಳು ಊಟಕ್ಕೂ ಕೂರದೆ ಅಜ್ಜಿಯ ಹಿಂದೆ ಹಿಂದೆ ಅಡುಗೆಮನೆಯಲ್ಲಿ ಸುತ್ತಿದಳು. ಗಂಟಲು ಕಟ್ಟಿಹೋಗಿತ್ತು.

“ಅಜ್ಜೀ, ನಾವು ಲಾನ್ ಮೇಲೆ ಹೆಸರು ಓದ್ತಿದೀವಿ. ಎವ್ರಿ ಡೇ, ಟೂ ಅವರ್ಸ್. ಮೈಕ್‌ಗೆ ಪರ್ಮಿಷನ್ ಕೊಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ಮೈ ವಾಯ್ಸ್ ಈಸ್ ಗಾನ್. ನೀನು ಎರಡು ಗಂಟೆ ಹೇಗೆ ಹಾಡ್ತೀಯಾ?”

“ಯಾರ ಹೆಸರೇ?”

ಹಂಸಿನಿ ಬ್ಯಾಗಿನಿಂದ ದಪ್ಪನೆಯ ಕಾಗದದ ಕಟ್ಟು ತೆಗೆದು ಡೈನಿಂಗ್ ಟೇಬಲ್ಲಿನ ಮೇಲಿಟ್ಟಳು. ಗಾಜಾದಲ್ಲಿ ಸತ್ತ ಮಕ್ಕಳ ಪಟ್ಟಿ. ಒಂದು ಕಡೆ ಹೆಸರು, ಒಂದು ಕಡೆ ವಯಸ್ಸು, ಚಿಕ್ಕವರಿಂದ ದೊಡ್ಡವರ ಕ್ರಮದಲ್ಲಿ. ಅಲಮೇಲು ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಮೂಗಿಗೇರಿಸಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಒಂದು ಪುಟವಾಯಿತು. ಎರಡಾಯಿತು.

“ಇದೇನೇ ಇದು, ವಯಸ್ಸಿನ ಕಡೆ ಬರೀ ಸೊನ್ನೆ ಹಾಕಿದಾರೆ? ತುಂಬಿಸೋಕೆ ಮರೆತಿದಾರಾ?”

“ಇಲ್ಲ ಅಜ್ಜಿ. ಅವರಿಗೆ ಒಂದು ವರ್ಷ ಆಗಿರಲಿಲ್ಲ.”

ಅಲಮೇಲು ಕನ್ನಡಕ ತೆಗೆದು ಕೆಳಗಿಟ್ಟರು. ಒಲೆಯ ಮೇಲಿನ ಸಾರು ಉಕ್ಕಿ ಸುರಿಯಿತು. ಅದನ್ನು ಸೂರ್ಯನಾರಾಯಣರೇ ಎದ್ದು ಹೋಗಿ ಆರಿಸಬೇಕಾಯಿತು.

ಆ ಮಧ್ಯಾಹ್ನ ಅಜ್ಜಿ ಮೊಮ್ಮಗಳಿಗೆ ಬೇಸ್‌ಮೆಂಟಿನಲ್ಲಿ ಪಾಠ ಹೇಳಿದರು. ಕೂಗಬೇಡ, ದನಿಯನ್ನು ಹೊಕ್ಕುಳಿನಿಂದ ಎತ್ತು. ಒಂದು ಉಸಿರಿಗೆ ಒಂದು ಹೆಸರು, ಕೊನೆಯ ಅಕ್ಷರದ ಮೇಲೆ ನಿಲ್ಲು, ಆಮೇಲೆ ವಯಸ್ಸು ಹೇಳು. ಆರು ಹೆಸರಿಗೆ ಒಮ್ಮೆ ಷಟ್ಪದಿ ಮುಗಿದ ಹಾಗೆ ವಿಶ್ರಾಂತಿ. ರಾಗ ನಾದನಾಮಕ್ರಿಯೆ ಇರಲಿ, ಅದಕ್ಕೆ ಅಲಂಕಾರ ಬೇಕಿಲ್ಲ. ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಸೂರ್ಯನಾರಾಯಣರಿಗೆ ಹುಡುಗಿ ಮೂರನೆಯ ಸಲಕ್ಕೇ ಸ್ವರ ಹಿಡಿದದ್ದು ತಿಳಿಯಿತು. ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು ಎಲ್ಲಿಗೂ ಹೋಗಿರಲಿಲ್ಲ.

“ಗುರುವಾರ ಬಂದು ಕೇಳ್ತೀನಿ ಕಣೇ ಹಂಸಾ” ಎಂದರು.

“ನಿಜವಾಗ್ಲೂ? ತಾತಾ, ದಟ್ ವುಡ್ ಮೀನ್ ಸೋ ಮಚ್.” ಅವಳ ಮುಖ ಅರಳಿತು. “ಕುರ್ಚಿ ತಗೊಂಡು ಬನ್ನಿ. ಲಾನ್ ಒದ್ದೆ ಇರುತ್ತೆ.”

ಗುರುವಾರ ಸಂಜೆ ಐದಕ್ಕೆ ಸೂರ್ಯನಾರಾಯಣರು ಬೇಸ್‌ಮೆಂಟಿನ ಒಂದು ಕುರ್ಚಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋದರು. ಹುಲ್ಲಿನ ಮೇಲೆ ಮೂವತ್ತು ಮಕ್ಕಳು ಸುತ್ತುಗಟ್ಟಿ ಕೂತಿದ್ದರು. ನಡುವೆ ಹಂಸಿನಿ. ಎಡಗಡೆ ಅವಳ ಗೆಳತಿ ಸಲ್ಮಾ, ಪಕ್ಕದ ರಾಜ್ಯದ ಬೆಲ್‌ರೋಸಿನ ಹುಡುಗಿ, ಅವಳ ತಂದೆ ಶಿವಮೊಗ್ಗದವರು. ಬಲಗಡೆ ತಲೆಯ ಮೇಲೆ ಪುಟ್ಟ ಟೋಪಿ ತೊಟ್ಟ ಯಹೂದಿ ಹುಡುಗನೊಬ್ಬ ಪುಟ ತಿರುವಿಕೊಡುತ್ತಿದ್ದ. ರಸ್ತೆಯ ಆಚೆ ಬದಿ, ಕಾಲೇಜಿಗೆ ಸಂಬಂಧವೇ ಇಲ್ಲದ ಒಬ್ಬ ನಡುವಯಸ್ಸಿನವನು ಕೈಯಲ್ಲಿ ಧ್ವನಿವರ್ಧಕ ಹಿಡಿದು ಏನೇನೋ ಬೈಯುತ್ತಿದ್ದ. ಯಾರನ್ನು ಬೈಯುತ್ತಿದ್ದನೋ ಅವನಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಒಂದು ಪೊಲೀಸ್ ಕಾರು ನಿಂತಿತ್ತು. ಅದರೊಳಗೆ ಪೊಲೀಸಿನವನು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

ಹಂಸಿನಿ ಓದಿದಳು. ಹೆಸರು, ಅದರ ಕೊನೆಯ ಸ್ವರದ ಮೇಲೆ ಒಂದು ನಿಲುಗಡೆ, ಆಮೇಲೆ ತಗ್ಗಿದ ದನಿಯಲ್ಲಿ ‘ಝೀರೋ’. ಮತ್ತೊಂದು ಹೆಸರು. ‘ಝೀರೋ.’ ದಾರಿಹೋಕರು ನಿಂತರು. ಸೂರ್ಯನಾರಾಯಣರು ಕಣ್ಣು ಮುಚ್ಚಿ ಕೇಳಿದರು. ಎಪ್ಪತ್ತೆರಡು ವರ್ಷದ ಬದುಕಿನಲ್ಲಿ ಎಷ್ಟೋ ವಾಚನ ಕೇಳಿದ್ದರು. ವ್ಯಾಖ್ಯಾನದ ಅಗತ್ಯವೇ ಇಲ್ಲದ್ದನ್ನು ಮೊದಲ ಸಲ ಕೇಳುತ್ತಿದ್ದೇನೆ ಅನ್ನಿಸಿತು.

ಹಾಗೆ ಅನ್ನಿಸಿಯೂ, ಅರ್ಧ ಗಂಟೆಯಲ್ಲಿ ವ್ಯಾಖ್ಯಾನಕ್ಕೆ ಎದ್ದು ನಿಂತರು. ಮುಂದೆ ಅವರಿಗೆ ತಮ್ಮ ಮೇಲೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ.

“ಅಂಕಲ್, ನಮಸ್ತೆ. ನೀವು ಹಂಸಿನಿ ಗ್ರ್ಯಾಂಡ್‌ಫಾದರ್ ಅಲ್ವಾ? ನಾನು ನೀತಾ.” ಕೈಯಲ್ಲಿ ಮೈಕ್, ಹಿಂದೆ ಕ್ಯಾಮೆರಾದವನು. ಒಂದು ಲೋಕಲ್ ಚಾನೆಲ್ಲಿನ ವರದಿಗಾರ್ತಿ, ಮೂವತ್ತರ ಒಳಗಿನ ಹುಡುಗಿ. “ನಮ್ಮಮ್ಮ ಮೈಸೂರು, ಸರಸ್ವತಿಪುರಂ. ನನ್ನ ಕನ್ನಡ ಸ್ವಲ್ಪ ಬ್ರೋಕನ್, ಸಾರಿ.”

“ಚೆನ್ನಾಗೇ ಮಾತಾಡ್ತೀಯಲ್ಲಮ್ಮ! ಸರಸ್ವತಿಪುರಂನಲ್ಲಿ ಎಲ್ಲಿ?”

ಅಲ್ಲಿಗೆ ಆ ಹುಡುಗಿ ಮನೆಯವಳಾದಳು. ಎರಡು ನಿಮಿಷ ಹಾಗೇ ಮಾತಾಡಿ, ಆಮೇಲೆ ಅವಳು ಕೇಳಿದಳು. ಕ್ಯಾಮೆರಾಗೆ ಇಂಗ್ಲಿಷಿನಲ್ಲಿ ಹೇಳಬೇಕು, ಪರವಾಗಿಲ್ಲವೇ ಅಂಕಲ್, ಮೊಮ್ಮಗಳು ಇಲ್ಲಿ ಹೀಗೆ ಕೂತಿರುವುದು ನೋಡಿ ನಿಮಗೆ ಏನನ್ನಿಸುತ್ತೆ?

ಸೂರ್ಯನಾರಾಯಣರು ಕುರ್ಚಿಯಿಂದ ಎದ್ದರು, ಶಾಲು ಸರಿಮಾಡಿಕೊಂಡರು. ಇಡೀ ನ್ಯೂಜೆರ್ಸಿ ಒಂದು ಸಭೆಯಾಗಿ ಕೂತು ಕೇಳುತ್ತದೆ ಎಂದುಕೊಂಡರು. ಸಭೆಯೆಂದ ಮೇಲೆ ಕ್ರಮ ಬಿಡಬಾರದು.

“ಈ ಮಕ್ಕಳಿಗೆ ಚರಿತ್ರೆ ಗೊತ್ತಿಲ್ಲ” ಎಂದು ಇಂಗ್ಲಿಷಿನಲ್ಲಿ ಆರಂಭಿಸಿದರು. “ಯಾರೋ ಕೈಗೆ ಕೊಟ್ಟ ಪಟ್ಟಿಯನ್ನು ಓದುತ್ತಿದ್ದಾರೆ. ಒಂದು ಕಡೆಯ ಸಾವನ್ನು ಮಾತ್ರ ಎಣಿಸುವುದು ಶೋಕವಲ್ಲ, ಅದು ದ್ವೇಷ. ಇದನ್ನು ಕೇಳುವ ಯಹೂದಿ ಮಕ್ಕಳಿಗೆ ಭಯವಾದರೆ ಆಶ್ಚರ್ಯವೇನು?” ಮನಸ್ಸಿಟ್ಟು ಹೇಳಿದರು, ಕೈ ಆಡಿಸಿ ಹೇಳಿದರು. ನೀತಾ ಕಣ್ಣರಳಿಸಿದಳು. ಪೂರ್ವಪಕ್ಷ ನಾಟಿತೆಂದು ಅವರಿಗೆ ತೃಪ್ತಿಯಾಯಿತು. ಪಕ್ಕದಲ್ಲಿದ್ದ ಬಾಟಲಿ ಎತ್ತಿ ನೀರು ಕುಡಿದರು.

ಆಮೇಲೆ ಉತ್ತರ. ಭಯವೆನ್ನುವಿರಲ್ಲ, ಪುಟ ತಿರುವುತ್ತಿರುವ ಆ ಹುಡುಗ ಯಾರು ನೋಡಿ. ಒಂದು ಮಗುವಿನ ಹೆಸರು ಓದಿದರೆ ಇನ್ನೊಂದು ಮಗುವಿನ ಹೆಸರು ಅಳಿಸಿಹೋಗುತ್ತದೆಯೇ? ನಮ್ಮಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು ಎಳ್ಳುನೀರು ಬಿಡುತ್ತೇವೆ. ತಂದೆಗೆ, ತಾತನಿಗೆ, ಮುತ್ತಾತನಿಗೆ. ಎಲ್ಲ ಮುಗಿದ ಮೇಲೆ ಕೊನೆಗೊಂದು ಬೊಗಸೆ ಉಳಿಯುತ್ತದೆ. ತಾಯಿಯಿಲ್ಲದವರಿಗೆ, ತಂದೆಯಿಲ್ಲದವರಿಗೆ, ಕರೆಯುವ ಬಂಧುವೂ ಉಳಿಯದೆ ಹೋದವರಿಗೆ. ಅವರು ಯಾರೆಂದು ನಾವು ಕೇಳುವುದಿಲ್ಲ. ನನ್ನ ಮೊಮ್ಮಗಳು ಬಿಡುತ್ತಿರುವುದು ಆ ಕೊನೆಯ ಬೊಗಸೆ. ಇದರಲ್ಲಿ ದ್ವೇಷ ಎಲ್ಲಿದೆ, ತೋರಿಸಿ.

ಎಲ್ಲ ಸೇರಿ ಹನ್ನೊಂದು ನಿಮಿಷ. ಮಾತು ಮುಗಿದಾಗ ನೀತಾಳ ಕಣ್ಣು ತುಂಬಿತ್ತು. ಕ್ಯಾಮೆರಾದವನು ಮುಂದೆ ಬಂದು ಕೈಕುಲುಕಿದ. ಸೂರ್ಯನಾರಾಯಣರು ದಾರಿಯುದ್ದಕ್ಕೂ ಡ್ರೈವ್ ಮಾಡುತ್ತ ಮಾವನನ್ನು ನೆನೆದುಕೊಂಡರು. ಮನೆಗೆ ಬಂದು ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿಗೆ ತಾವೇ ಬರೆದು ಹಾಕಿದರು: ‘ನಾಳೆ ಸಂಜೆ ಆರರ ವಾರ್ತೆ ದಯವಿಟ್ಟು ನೋಡಿ.’

ಶುಕ್ರವಾರ ಆರಕ್ಕೆ ಮೂವರೂ ಟಿವಿಯ ಮುಂದೆ ಕೂತರು, ಸೂರ್ಯನಾರಾಯಣ, ಅಲಮೇಲು, ಮಗಳು ಗಾರ್ಗಿ, ಹಂಸಿನಿಯ ತಾಯಿ. ಗಾರ್ಗಿ ಅದಕ್ಕೆಂದೇ ಆಫೀಸಿನಿಂದ ಬೇಗ ಬಂದಿದ್ದಳು.

ಮೊದಲು ಕಾಣಿಸಿದ್ದು ಪೊಲೀಸ್ ಕಾರು, ಕೆಂಪು ನೀಲಿ ದೀಪಗಳು. ಆ ದೀಪ ಎಷ್ಟು ಹೊತ್ತಿಗೆ ಹತ್ತಿತೋ, ಸೂರ್ಯನಾರಾಯಣರು ಇದ್ದಷ್ಟು ಹೊತ್ತು ಹತ್ತಿರಲಿಲ್ಲ. ‘ಕ್ಯಾಂಪಸ್ಸಿನಲ್ಲಿ ಉದ್ವಿಗ್ನ ವಾತಾವರಣ’ ಎಂದಿತು ಒಂದು ಗಂಭೀರ ಕಂಠ. ಆಮೇಲೆ ಹಂಸಿನಿಯ ಮುಖ, ತೆರೆಯ ತುಂಬ, ಬಾಯಿ ಅಗಲವಾಗಿ ತೆರೆದದ್ದು. ಆದರೆ ಕೇಳಿಸಿದ್ದು ಅವಳ ದನಿಯಲ್ಲ. ರಸ್ತೆಯಾಚೆ ಧ್ವನಿವರ್ಧಕ ಹಿಡಿದಿದ್ದವನ ಬೈಗುಳ. ನೋಡಿದವರಿಗೆ ಆ ಬಾಯಿಂದಲೇ ಆ ಮಾತು ಬಂದಂತೆ. ಆ ಬಾಯಿ ಒಂದು ಕೂಸಿನ ಹೆಸರಿನ ಕೊನೆಯ ಆಕಾರದ ಮೇಲೆ ನಿಂತಿದೆಯೆಂದು ಹುಲ್ಲಿನ ಮೇಲೆ ಕೂತಿದ್ದವರನ್ನು ಬಿಟ್ಟರೆ ಇಡೀ ರಾಜ್ಯದಲ್ಲಿ ಆ ಸೋಫಾದ ಮೇಲಿನ ಮೂವರಿಗೆ ಮಾತ್ರ ಗೊತ್ತಿತ್ತು.

ಆಮೇಲೆ ಸೂರ್ಯನಾರಾಯಣರೇ ಬಂದರು. ಶಾಲು, ಬಿಳಿ ಕೂದಲು, ಮೇಲೆತ್ತಿದ ಕೈ. ‘ಒಂದು ಕಡೆಯ ಸಾವನ್ನು ಮಾತ್ರ ಎಣಿಸುವುದು ಶೋಕವಲ್ಲ, ಅದು ದ್ವೇಷ. ಇದನ್ನು ಕೇಳುವ ಯಹೂದಿ ಮಕ್ಕಳಿಗೆ ಭಯವಾದರೆ ಆಶ್ಚರ್ಯವೇನು?’ ಕೆಳಗೆ ದಪ್ಪ ಅಕ್ಷರದಲ್ಲಿ ಪಟ್ಟಿ ಓಡಿತು: ‘ಪ್ರತಿಭಟನಕಾರ್ತಿಯ ಸ್ವಂತ ತಾತ: ಇದು ದ್ವೇಷ.’ ತೆರೆಯ ಮೇಲಿನ ಮುದುಕ ಬಾಟಲಿಯ ಕಡೆ ಕೈ ಚಾಚಿದ. ಅಷ್ಟೇ. ಹವಾಮಾನ ವರದಿ ಶುರುವಾಯಿತು. ವಾರಾಂತ್ಯಕ್ಕೆ ಬಿಸಿಲಂತೆ.

ಗಾರ್ಗಿ ಆಮೇಲೆ ಫೋನಿನಲ್ಲಿ ಎಣಿಸಿ ನೋಡಿದಳು. ಒಂಬತ್ತು ಸೆಕೆಂಡು.

“ನೀರು ಕುಡಿಯೋಕೂ ಬಿಡಲಿಲ್ಲವಲ್ಲರೀ” ಎಂದರು ಅಲಮೇಲು.

ವಾಟ್ಸ್ಯಾಪ್ ಗುಂಪು ಆಗಲೇ ಟಣ್ ಟಣ್ ಎನ್ನತೊಡಗಿತ್ತು. ‘ಹ್ಯಾಟ್ಸ್ ಆಫ್ ಸರ್.’ ‘ನಮ್ಮ ಹಿರಿಯರೊಬ್ಬರು ಧೈರ್ಯವಾಗಿ ಹೇಳಿದರು.’ ‘ಮೊಮ್ಮಗಳಾದರೂ ಸತ್ಯ ಬಿಡಲಿಲ್ಲ, ಗ್ರೇಟ್.’ ಕೈಮುಗಿದ ಚಿತ್ರಗಳು, ಹೂಗುಚ್ಛಗಳು. ಮರುದಿನ ಬೆಳಿಗ್ಗೆ ಧಾರವಾಡದ ಪ್ರಭಾಕರ ಪೇಡೆಯ ಡಬ್ಬಿ ಹಿಡಿದು ಮನೆಗೇ ಬಂದರು. ಗಮಕಕ್ಕೆ ಮೊದಲ ದಿನದಿಂದ ಒಂದು ಶನಿವಾರವೂ ತಪ್ಪಿಸದವರು, ಎರಡನೆಯ ಸಾಲಿನ ಮೊದಲ ಕುರ್ಚಿ ಅವರದು.

“ಏನ್ ಮಾತಾಡಿದ್ರಿ ಸೂರ್ಯನಾರಾಯಣರೇ! ಭಾಳ ಛಲೋ. ನಮ್ಮ ಹುಡುಗರಿಗೆ ಯಾರರೆ ಹೇಳೋರು ಬೇಕಾಗಿತ್ತು ನೋಡ್ರಿ.”

“ಪ್ರಭಾಕರ, ಅದು ಪೂರ್ವಪಕ್ಷ ಅಲ್ವೇನಯ್ಯಾ.”

“ಆಂ?”

“ಇಪ್ಪತ್ತೆರಡು ವರ್ಷ ನನ್ನ ಎದುರಿಗೇ ಕೂತು ಕೇಳಿದ್ದೀಯ. ನಾನು ನೀರು ಕುಡಿಯೋಕೆ ಮೊದಲು ಹೇಳೋದು ಯಾವತ್ತಾದರೂ ನನ್ನ ಮಾತಾಗಿತ್ತಾ?”

ಪ್ರಭಾಕರ ಡಬ್ಬಿಯ ಮುಚ್ಚಳ ತೆಗೆದವರು ಹಾಗೇ ಹಿಡಿದುಕೊಂಡು ನಿಂತರು. “ಅಲ್ರೀ, ಅದು ಗಮಕ. ಇದು ಟಿವಿ. ಟಿವಿಯಾಗ ಹೇಳಿದ್ದು ಖರೇನ ಇರ್ತದಲ್ರಿ.” ಆಮೇಲೆ ಡಬ್ಬಿ ಕೆಳಗಿಟ್ಟು, “ಖರೇ ಹೇಳ್ಬೇಕಂದ್ರ, ನಂಗ ಅದ ಬರೋಬ್ಬರಿ ಅನ್ನಿಸ್ತು” ಎಂದರು. ಪೇಡೆ ಟೇಬಲ್ಲಿನ ಮೇಲೆ ಉಳಿಯಿತು. ಯಾರೂ ಮುಟ್ಟಲಿಲ್ಲ.

ಹಂಸಿನಿ ಭಾನುವಾರ ಬಂದಳು. ಕೂಗಾಡುತ್ತಾಳೆ ಎಂದುಕೊಂಡಿದ್ದರು. ಅವಳು ಶೂ ಬಿಚ್ಚಿ, ತಾತನ ಎದುರು ನೆಲದ ಮೇಲೆ ಕೂತಳು.

“ಹಂಸಾ, ಅದು...”

“ಐ ನೋ, ತಾತಾ. ಪೂರ್ವಪಕ್ಷ. ನೀರಿನ ಬಾಟಲಿ ನೋಡಿದೆ.” ಅವಳ ದನಿ ಈಗ ಕಟ್ಟಿರಲಿಲ್ಲ, ಒಣಗಿತ್ತು. “ನನಗೆ ಗೊತ್ತಿಲ್ಲದೆ ಇರುತ್ತಾ?”

“ಮತ್ತೆ...”

“ಒಂದು ಕೇಳ್ಲಾ? ಅವರ ಮಾತನ್ನ ಯಾಕೆ ಅಷ್ಟು ಚೆನ್ನಾಗಿ ಹೇಳಿದ್ರಿ? ಅದನ್ನ ಹೇಳೋಕೆ ಜನ ಇದಾರೆ ತಾತಾ. ಎವ್ರಿ ಚಾನೆಲ್, ಎವ್ರಿ ನೈಟ್. ಆರು ತಿಂಗಳಿಂದ ಅದನ್ನೇ ಹೇಳ್ತಿದಾರೆ. ನಮ್ಮನ್ನ ಯಾರೂ ಒಂದು ಕ್ವೆಶ್ಚನ್ ಕೇಳಿರಲಿಲ್ಲ. ಮೂವತ್ತು ಜನ ಅಲ್ಲಿ ಕೂತಿದ್ವಿ, ದೇ ಡಿಡಂಟ್ ಆಸ್ಕ್ ಒನ್ ಆಫ್ ಅಸ್. ನಿಮ್ಮನ್ನ ಕೇಳಿದ್ರು. ಯು ವರ್ ದಿ ಓನ್ಲಿ ಒನ್. ನೀವು ನಮ್ಮ ಮಾತು ಮೊದಲು ಹೇಳಬಹುದಿತ್ತು.”



ಸೋಮವಾರ ಕಾಲೇಜಿನಿಂದ ಪತ್ರ ಬಂತು, ಆರು ವಿದ್ಯಾರ್ಥಿಗಳಿಗೆ. ಗದ್ದಲ ಎಬ್ಬಿಸಿದ್ದು, ಸಹಪಾಠಿಗಳಲ್ಲಿ ಭಯ ಹುಟ್ಟಿಸಿದ್ದು. ಹತ್ತು ದಿನದಲ್ಲಿ ವಿಚಾರಣೆ. ಹಂಸಿನಿಯ ಪತ್ರದಲ್ಲಿ ಮಾತ್ರ ಆಧಾರಗಳ ಪಟ್ಟಿಯ ಮೂರನೆಯ ಸಾಲಾಗಿ ಆ ಟಿವಿ ವರದಿಯ ಲಿಂಕ್ ಇತ್ತು. ಜೊತೆಗೆ ಒಂದು ವಾಕ್ಯ: ವಿದ್ಯಾರ್ಥಿನಿಯ ಕುಟುಂಬದ ಹಿರಿಯರೇ ಈ ನಡವಳಿಕೆಯನ್ನು ದ್ವೇಷವೆಂದು ಗುರುತಿಸಿದ್ದಾರೆ. ಸಸ್ಪೆಂಡ್ ಆದರೆ ಆಸ್ಪತ್ರೆಯ ತರಬೇತಿ ಹೋಗುತ್ತದೆ. ಮುಂದೆ ನರ್ಸಿಂಗ್ ಲೈಸೆನ್ಸಿಗೆ ಅರ್ಜಿ ಹಾಕುವಾಗಲೂ ಅದನ್ನು ಬರೆಯಬೇಕು. ಗಾರ್ಗಿ ಇದನ್ನು ಹೇಳಿದ್ದು ತಂದೆಯ ಮುಖ ನೋಡದೆ.

ಸೂರ್ಯನಾರಾಯಣರು ನೀತಾಗೆ ಫೋನ್ ಮಾಡಿದರು. ಒಂದಲ್ಲ, ಏಳು ಸಲ. ಎಂಟನೆಯ ಸಲಕ್ಕೆ ಎತ್ತಿದಳು.

“ಅಂಕಲ್, ಐ ಆ್ಯಮ್ ಸೋ ಸಾರಿ. ನಾನು ಹನ್ನೊಂದು ನಿಮಿಷಾನೂ ಕಳಿಸಿದ್ದೆ. ಬೊಗಸೆ ನೀರಿಂದು ಮೇಲೆ ಹಾಕಿ, ಇದೇ ಸ್ಟೋರಿ ಅಂತ ನೋಟ್ ಬರೆದಿದ್ದೆ. ಪ್ರೊಡ್ಯೂಸರ್ ಅದನ್ನ... ಅವರಿಗೆ ಬೇಕಾಗಿದ್ದು ಸಿಕ್ಕಿಬಿಟ್ಟಿತ್ತು.”

“ಪೂರ್ತಿ ಟೇಪು ಕೊಡಮ್ಮ. ಕಾಲೇಜಿನವರಿಗೆ ಕೇಳಿಸ್ತೀನಿ.”

“ಪ್ರಸಾರ ಆಗದೇ ಇರೋದು ಹೊರಗೆ ಕೊಡೋ ಹಾಗಿಲ್ಲ ಅಂಕಲ್. ಪಾಲಿಸಿ. ವೆಬ್‌ಸೈಟಲ್ಲಿ ಒಂದು ಸ್ಪಷ್ಟೀಕರಣ ಹಾಕಿಸ್ತೀನಿ, ಟ್ರೈ ಮಾಡ್ತೀನಿ.”

ಸ್ಪಷ್ಟೀಕರಣ ಮೂರು ದಿನದ ಮೇಲೆ ಬಂತು. ವರದಿಯ ತೀರ ಕೆಳಗೆ, ಜಾಹೀರಾತುಗಳನ್ನೂ ದಾಟಿದ ಮೇಲೆ, ಇರುವೆಸಾಲಿನಂಥ ಅಕ್ಷರದಲ್ಲಿ: ಸಂದರ್ಶನ ನೀಡಿದವರು ತಮ್ಮ ಅಭಿಪ್ರಾಯ ಹೆಚ್ಚು ವಿಸ್ತಾರವಾಗಿತ್ತೆಂದು ತಿಳಿಸಿದ್ದಾರೆ. ವಿಡಿಯೊ ಮೇಲೆ ಹಾಗೇ ಇತ್ತು. ಎರಡು ಲಕ್ಷ ಜನ ನೋಡಿದ್ದರು.

ವಿಚಾರಣೆಗೆ ತಾತನನ್ನು ಒಳಗೆ ಬಿಡುವುದಿಲ್ಲವೆಂದೂ, ಬೇಕಾದರೆ ಪತ್ರ ಬರೆಯಬಹುದೆಂದೂ ಹೇಳಿದರು. ಸೂರ್ಯನಾರಾಯಣರು ಎರಡು ದಿನ ಕೂತು ನಾಲ್ಕು ಪುಟ ಬರೆದು ಮಗಳ ಕೈಗೆ ಕೊಟ್ಟರು. ಗಾರ್ಗಿ ನಿಂತೇ ಓದಿದಳು. ಮೊದಲ ಪುಟ ಮುಗಿಸಿ ಕಾಗದ ಕೆಳಗಿಳಿಸಿದಳು.

“ಅಪ್ಪಾ, ಇದರಲ್ಲೂ ಮೊದಲ ಪುಟ ಪೂರ್ತಿ ಅವರ ಮಾತೇ ಇದೆ.”

ಅವರು ಕಾಗದ ತಿರುಗಿ ಇಸಿದುಕೊಂಡು ನೋಡಿದರು. ಇತ್ತು. ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಮೊದಲ ಪುಟ ಹರಿದು ಹಾಕಿದರು. ಮಿಕ್ಕ ಮೂರು ಪುಟ, ಪ್ರಶ್ನೆಯೇ ಕಾಣದ ಉತ್ತರವಾಗಿ, ತಲೆಯಿಲ್ಲದ ಮೈಯಾಗಿ ಉಳಿಯಿತು. ಅದನ್ನೇ ತಿದ್ದಿ ಕಳಿಸಿದರು.

ವಿಚಾರಣೆಯ ಕೋಣೆಯಲ್ಲಿ ಒಂಬತ್ತು ಸೆಕೆಂಡಿನ ತುಣುಕನ್ನು ಎರಡು ಸಲ ತೋರಿಸಿದರಂತೆ. ಪತ್ರವನ್ನು ಕಡತಕ್ಕೆ ಸೇರಿಸಿಕೊಂಡರಂತೆ. ಪತ್ರ ಆಮೇಲೆ ಬರೆದದ್ದು, ಪ್ರೀತಿಯಿಂದ ಬರೆದದ್ದು. ವಿಡಿಯೊದಲ್ಲಿ ಹೇಳಿದ್ದು ಆ ಕ್ಷಣದ ಸತ್ಯ, ಎಂದರಂತೆ ಒಬ್ಬರು. ಹಂಸಿನಿಗೆ ಒಂದು ವರ್ಷ ಸಸ್ಪೆನ್ಷನ್ ಆಯಿತು. ಉಳಿದ ಐವರಿಗೆ ಎಚ್ಚರಿಕೆ ಪತ್ರ.

ಅವಳು ಮನೆಗೆ ಬರಲಿಲ್ಲ. ಸಲ್ಮಾಳ ತಾಯಿ ತಂದೆ ಬೆಲ್‌ರೋಸಿನಲ್ಲಿ ಮಹಡಿಯ ಕೋಣೆ ಕೊಟ್ಟರು. ಹಿಲ್‌ಸೈಡ್ ಅವೆನ್ಯೂದ ಒಂದು ಇಂಡಿಯನ್ ದಿನಸಿ ಅಂಗಡಿಯಲ್ಲಿ ಕೌಂಟರಿನ ಕೆಲಸಕ್ಕೆ ಸೇರಿದಳು. ತಾಯಿಗೆ ಫೋನ್ ಮಾಡುತ್ತಿದ್ದಳು, ಅಜ್ಜಿಗೆ ಮಾಡುತ್ತಿದ್ದಳು. ‘ತಾತಂಗೆ ಕೊಡ್ಲಾ?’ ಎಂದು ಅಲಮೇಲು ಕೇಳಿದರೆ, ‘ಇವತ್ತು ಬೇಡ ಅಜ್ಜಿ’ ಎನ್ನುತ್ತಿದ್ದಳು. ಸಿಟ್ಟಿಲ್ಲದೆ, ಮೆಲ್ಲಗೆ.

ಮೇ ತಿಂಗಳ ಎರಡನೆಯ ಶನಿವಾರ ಜನ ಬಂದರು. ಅಲಮೇಲು ವಾಚಿಸಿದರು. ಸಭೆಯಲ್ಲಿ ಅರಸ ತನ್ನ ಅನ್ಯಾಯವನ್ನು ಸಮರ್ಥಿಸಿಕೊಳ್ಳುವ ಭಾಗ. ಪದ್ಯ ನಿಂತಿತು. ಎಲ್ಲರೂ ಸೂರ್ಯನಾರಾಯಣರ ಕಡೆ ತಿರುಗಿದರು. ಅವರು ಲೋಟದ ನೀರನ್ನು ಪೂರ್ತಿ ಕುಡಿದು ಖಾಲಿ ಲೋಟವನ್ನು ಬೋರಲು ಹಾಕಿದರು.

“ಹೇಳ್ರಿ ಮುಂದ” ಎಂದರು ಪ್ರಭಾಕರ, ಎರಡನೆಯ ಸಾಲಿನಿಂದ.

“ನನ್ನ ಕೈಲಾಗಲ್ಲ. ಪದ್ಯ ಕೇಳಿದಿರಲ್ಲ. ಅಷ್ಟೇ.”

ಆ ದಿನ ಜನ ಬೇಗ ಎದ್ದರು.

ಜೂನ್ ಮೊದಲ ವಾರ ನೀತಾಳ ಸ್ವಂತ ವಿಳಾಸದಿಂದ ಒಂದು ಈಮೇಲ್ ಬಂತು. ‘ಅಂಕಲ್, ಇದನ್ನು ಕಳಿಸಬಾರದು, ಕಳಿಸುತ್ತಿದ್ದೇನೆ. ವಿಡಿಯೊ ಸಿಗಲಿಲ್ಲ, ಆಡಿಯೊ ಮಾತ್ರ. ತಡವಾಯಿತೆಂದು ಗೊತ್ತು.’ ಹನ್ನೊಂದು ನಿಮಿಷ, ನಾಲ್ಕು ಸೆಕೆಂಡು.

ಮಧ್ಯಾಹ್ನ, ಅಲಮೇಲು ಮಲಗಿದ್ದ ಹೊತ್ತು, ಸೂರ್ಯನಾರಾಯಣರು ಬೇಸ್‌ಮೆಂಟಿಗೆ ಇಳಿದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಮೊದಲ ಸಲ ತಮ್ಮ ಮಾತನ್ನೇ ಕೇಳಿದರು. ಪೂರ್ವಪಕ್ಷ, ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು, ಗುಟುಕು, ಉತ್ತರ. ಎಲ್ಲ ಇತ್ತು. ಚೆನ್ನಾಗಿಯೇ ಹೇಳಿದ್ದರು. ಈಗ ಅದನ್ನು ಯಾರಿಗೆ ಕೇಳಿಸುವುದು?

ಎರಡನೆಯ ಸಲ ಹಾಕಿದಾಗ ಬೇರೊಂದು ಕೇಳಿಸಿತು. ತಮ್ಮ ದನಿಯ ಹಿಂದೆ, ದೂರದಲ್ಲಿ, ನಾದನಾಮಕ್ರಿಯೆ. ಹಂಸಿನಿ ಓದುತ್ತಿದ್ದಳು. ಆ ಹನ್ನೊಂದು ನಿಮಿಷವೂ ಅವಳು ನಿಲ್ಲಿಸಿರಲಿಲ್ಲ. ‘ಯೂಸುಫ್... ಝೀರೋ. ಮರಿಯಂ... ಝೀರೋ.’ ಟಿವಿಯಲ್ಲಿ ಕೇಳಿಸದೆ ಹೋದ ಅವಳ ದನಿ ಲೋಕದಲ್ಲಿ ಉಳಿದದ್ದು ಇಲ್ಲಿ, ಇದೊಂದೇ ಕಡೆ, ತಾತನ ಮಾತಿನ ಅಡಿಯಲ್ಲಿ.

ಪೆನ್ನು ತೆಗೆದುಕೊಂಡು ಹೆಸರು ಬರೆಯಲು ಕೂತರು. ತಾವು ಉಸಿರೆಳೆದುಕೊಂಡ ಕಡೆ ‘ಸಾಮಿ’ ಸಿಕ್ಕಿತು. ನೀತಾ ‘ಹೂಂ’ ಎಂದ ಕಡೆ ‘ದಾನಾ’, ಆಮೇಲೆ ‘ಲೀನ್’. ನೀರು ಕುಡಿದಷ್ಟು ಹೊತ್ತಿನಲ್ಲಿ ಎರಡು ಹೆಸರು ಸ್ಪಷ್ಟವಾಗಿದ್ದವು. ‘ಲೀನ್’ ಬಂದದ್ದು ಏಳನೆಯ ನಿಮಿಷದಲ್ಲಿ, ಅದರ ನಂತರ ಏನೂ ಸಿಗಲಿಲ್ಲ. ಅಲ್ಲಿ ಅವರು ದನಿಯೇರಿಸಿದ್ದರು. ತಾಯಿಯಿಲ್ಲದವರಿಗೆ, ತಂದೆಯಿಲ್ಲದವರಿಗೆ, ಕರೆಯುವ ಬಂಧುವೂ ಉಳಿಯದವರಿಗೆ ಎಂದು ಎದೆತುಂಬಿ ಹೇಳುತ್ತಿದ್ದರು. ಹೇಳುತ್ತಿದ್ದ ಹಾಗೇ ಅಂಥವರದೇ ಹೆಸರುಗಳು ಹಿಂದೆ ಹಾದುಹೋಗುತ್ತಿದ್ದವು, ಅವರ ಮಾತಿನಡಿ ಮುಚ್ಚಿಹೋಗುತ್ತಿದ್ದವು. ಹಿಂದಕ್ಕೆ ಒಯ್ದು ಮತ್ತೆ ಕೇಳಿದರು. ಕಿವಿಗೆ ಒತ್ತಿ ಹಿಡಿದು ಕೇಳಿದರು. ತಮ್ಮ ದನಿಯನ್ನು ಸರಿಸಿ ಆಚೆಯದನ್ನು ಕೇಳುವ ದಾರಿ ಇರಲಿಲ್ಲ. ಕೇಳಲೆಂದು ಕುರ್ಚಿ ಹೊತ್ತುಕೊಂಡು ಹೋದವರು ತಾವು.

ಫೋನ್ ತೆಗೆದು ಬೆಲ್‌ರೋಸಿಗೆ ಮಾಡಿದರು. ಎತ್ತುವುದಿಲ್ಲ ಎಂದುಕೊಂಡಿದ್ದರು.

“ಏನು ತಾತಾ?” ಹಿಂದೆ ಅಂಗಡಿಯ ಗಲಾಟೆ, ಯಾರೋ ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುತ್ತಿದ್ದರು.

ಹೇಳಬೇಕೆಂದು ಎರಡು ತಿಂಗಳಿಂದ ಜೋಡಿಸಿಟ್ಟ ಮಾತು ಬಹಳವಿತ್ತು. ಯಾವುದನ್ನೂ ಹೇಳಲಿಲ್ಲ.

“ಹಂಸಾ, ಆವತ್ತು ನೀನು ಓದಿದ್ದರಲ್ಲಿ ಕೆಲವು ಹೆಸರು ನನಗೆ ಕೇಳಿಸಿಲ್ಲ. ನಾನು ಮಾತಾಡ್ತಾ ಇದ್ದೆ.”

ಆ ಕಡೆ ಒಂದು ಬಾಗಿಲು ಮುಚ್ಚಿಕೊಂಡಿತು. ಗಲಾಟೆ ದೂರವಾಯಿತು.

“ಯಾರ ಹೆಸರಾದ ಮೇಲೆ?”

“ಲೀನ್ ಅಂತ ಕೇಳಿಸುತ್ತೆ. ಆಮೇಲೆ ಇಲ್ಲ.”

“ಯಾವ ಲೀನ್, ತಾತಾ? ಲೀನ್ ತುಂಬ ಜನ ಇದಾರೆ.”

ಅವರು ತಾವು ಬರೆದ ಕಾಗದ ನೋಡಿದರು. “ದಾನಾ ಆದಮೇಲೆ ಬರ್ತಾಳೆ” ಎಂದರು.

ಫೋನಿನಲ್ಲಿ ಅವಳು ಪಟ್ಟಿ ತೆರೆದು ಹುಡುಕುತ್ತಿದ್ದದ್ದು ಗೊತ್ತಾಯಿತು. “ನನ್ನ ಬ್ರೇಕ್ ಹತ್ತು ನಿಮಿಷ. ಪೆನ್ ಇದೆಯಾ?”

“ಇದೆ.”

ಓದಿದಳು. ರಾಗವಿರಲಿಲ್ಲ. ಹೊಕ್ಕುಳಿನಿಂದ ಎತ್ತಿದ ದನಿಯಲ್ಲ, ಸಾಮಾನಿನ ಪಟ್ಟಿ ಓದಿದ ಹಾಗೆ ಸಪಾಟಾದ, ದಣಿದ ದನಿ. ಕೊನೆಯ ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ. ಅದು ಎಲ್ಲಿ ಹೋಯಿತೆಂದು ಸೂರ್ಯನಾರಾಯಣರು ಕೇಳಲಿಲ್ಲ. ಒಂದೊಂದಾಗಿ ಬರೆದುಕೊಂಡರು. ಹೆಸರು, ಎದುರಿಗೊಂದು ಸೊನ್ನೆ. ಹೆಸರು, ಸೊನ್ನೆ. ಅಲಮೇಲು ಎದ್ದು ಬಂದು ಮೆಟ್ಟಿಲ ಮೇಲೆ ನಿಂತದ್ದು, ಅಲ್ಲಿಯೇ ಕೂತದ್ದು ಅವರಿಗೆ ಕಾಣಿಸಿತು. ಅವರು ಕೈ ನಿಲ್ಲಿಸಲಿಲ್ಲ.

“ತಾತಾ, ಕರೀತಿದಾರೆ. ನಾನು ಹೋಗಬೇಕು.”

“ಹೂಂ. ಇನ್ನೂ ಎಷ್ಟಿದೆಯಮ್ಮಾ?”



“ನಾವಿನ್ನೂ ಸೊನ್ನೆಯಲ್ಲೇ ಇದೀವಿ ತಾತಾ” ಎಂದಳು.